ನಾಡಾ ಪತ್ರಕ್ಕೆ ಉತ್ತರ ಬರೆಯದ ತಪ್ಪಿಗೆ

ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಆಟಗಾರರು ವಕೀಲರ ಬಳಿ ಬರುವುದು ಬಹುತೇಕ ತಡವಾಗಿಯೇ. ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ, ಅಂದರೆ ನಾಡಾ, ಕಳಿಸಿದ ಇಮೇಲ್ ವಾರಗಟ್ಟಲೆ ಹಳೆಯದಾಗಿರುತ್ತದೆ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಪತ್ರ, ಮೇಲೆ ದೆಹಲಿಯ ವಿಳಾಸ. ಹೆದರಿದ ಹುಡುಗ ಮನೆಯಲ್ಲೂ ಹೇಳಿರುವುದಿಲ್ಲ. ಕೋಚ್‌ಗೆ ತೋರಿಸಿದರೆ "ನಾನು ನೋಡ್ಕೋತೀನಿ, ನೀನು ಸುಮ್ನಿರು" ಎಂದಿರುತ್ತಾರೆ. ಆ ಮಾತು ನಂಬಿ ಸುಮ್ಮನಿದ್ದವರು ನಾಲ್ಕು ವರ್ಷ ಕಳೆದುಕೊಳ್ಳುತ್ತಾರೆ. ರಗ್ಬಿ ಆಟಗಾರನಿಗೆ ನಾಲ್ಕು ವರ್ಷ ಅಂದರೆ ಹೆಚ್ಚುಕಡಿಮೆ ಪೂರ್ತಿ ಆಟದ ಬದುಕು.

ನಮ್ಮಲ್ಲಿ ರಗ್ಬಿ ಈಗೀಗ ಕಣ್ಣಿಗೆ ಬೀಳುತ್ತಿದೆ. 2025ರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಆಡಿತು. ಮೈ ತೂಕ, ಬಲ ಎರಡೂ ಬೇಕಾದ ಆಟ. ಹುಡುಗರು ಜಿಮ್ಮಿಗೆ ಹೋಗುತ್ತಾರೆ, ಅಲ್ಲಿ ಪೂರಕ ಆಹಾರದ ಪುಡಿ ಡಬ್ಬಿ ಕೈಗೆ ಬರುತ್ತದೆ. ವಿಶ್ವ ರಗ್ಬಿ ಸಂಸ್ಥೆಯ 21ನೇ ನಿಯಮಾವಳಿಯಾಗಲಿ, ನಾಡಾ ನಿಯಮಗಳಾಗಲಿ, ಎರಡೂ ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯ, ಅಂದರೆ ವಾಡಾದ, ಸಂಹಿತೆಯ ಮೇಲೆಯೇ ನಿಂತಿವೆ. ಅದರ ಮೊದಲ ಮಾತು: ನಿಮ್ಮ ಮೈಯಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಡಾಕ್ಟರ್ ಕೊಟ್ಟರು, ಟ್ರೇನರ್ ಕೊಟ್ಟರು ಎಂದರೆ ಉಲ್ಲಂಘನೆ ಅಳಿಸಿಹೋಗುವುದಿಲ್ಲ. ಶಿಕ್ಷೆ ಎಷ್ಟು ಎನ್ನುವಾಗ ಮಾತ್ರ ಆ ಮಾತಿಗೆ ಬೆಲೆ ಬಂದೀತು, ಅದೂ ಪುರಾವೆ ಇದ್ದರೆ.

ಪರೀಕ್ಷೆಗೆ ಕರೆದಾಗ ತಪ್ಪಿಸಿಕೊಳ್ಳಬೇಡಿ. ನಿರಾಕರಣೆಗೂ ನಾಲ್ಕು ವರ್ಷದವರೆಗೆ ನಿಷೇಧವಿದೆ. ಅಧಿಕಾರಿಯ ಗುರುತಿನ ಚೀಟಿ ಕೇಳಿ, ಜತೆಗೆ ಒಬ್ಬರನ್ನು ಕರೆದುಕೊಳ್ಳಿ, ಬಾಟಲಿಗಳನ್ನು ನೀವೇ ಆರಿಸಿ, ನಮೂನೆಯಲ್ಲಿ ಇತ್ತೀಚೆಗೆ ತೆಗೆದುಕೊಂಡ ಪ್ರತಿಯೊಂದು ಮಾತ್ರೆ, ಪುಡಿ, ಇಂಜೆಕ್ಷನ್ ಬರೆಸಿ. "ಬರೆದರೆ ಸಿಕ್ಕಿಹಾಕಿಕೊಳ್ತೀಯ" ಎಂದು ಹೆದರಿಸುವವರಿದ್ದಾರೆ. ಅಂದು ಬರೆಯದ ಡಬ್ಬಿಯನ್ನು ಮುಂದೆ ವಿಚಾರಣೆಯಲ್ಲಿ ತೋರಿಸಿದರೆ ನಂಬುವುದು ಕಷ್ಟ.

ಈಗ ಪತ್ರದ ವಿಷಯ. ಸಾಮಾನ್ಯವಾಗಿ ಪತ್ರ ಎರಡು. ಮೊದಲನೆಯದು 'ಎ' ಮಾದರಿಯಲ್ಲಿ ನಿಷೇಧಿತ ವಸ್ತು ಕಂಡಿದೆ ಎಂದು ತಿಳಿಸುತ್ತದೆ. ಅದೇ ಮಾದರಿಯ ಇನ್ನೊಂದು ಭಾಗವಿರುವ 'ಬಿ' ಬಾಟಲಿಯನ್ನು ತೆರೆಸಿ ಪರೀಕ್ಷಿಸಬೇಕೇ ಎಂದೂ ಕೇಳುತ್ತದೆ. ಅದರಲ್ಲಿ ಬರೆದ ಗಡುವಿನೊಳಗೆ ಕೇಳದಿದ್ದರೆ ಆ ಹಕ್ಕು ಹೋಯಿತು. ಎರಡನೆಯದು ಆರೋಪಪತ್ರ. ಹುಡುಗರು ಎಡವುವುದು ಇಲ್ಲಿಯೇ: "ಇದೇ ವಿಷಯ ಆಗಲೇ ಬಂದಿತ್ತಲ್ಲ" ಎಂದು ಬದಿಗಿಡುತ್ತಾರೆ. 20 ದಿನಗಳ ಲೆಕ್ಕ ಶುರುವಾಗುವುದು ಈ ಎರಡನೇ ಪತ್ರದಿಂದ. ಅಷ್ಟರೊಳಗೆ ವಿಚಾರಣೆ ಬೇಕು ಎಂದು ಬರೆದು ಕೇಳಬೇಕು. ಮೌನವಾಗಿದ್ದರೆ ಆರೋಪವನ್ನೂ ಶಿಕ್ಷೆಯನ್ನೂ ಒಪ್ಪಿದ್ದೀರಿ ಎಂದೇ ತಿಳಿಯಲು ನಿಯಮ ಅವಕಾಶ ಕೊಡುತ್ತದೆ.

ನಾಲ್ಕು ವರ್ಷದ ಶಿಕ್ಷೆ ಎದುರಿಸುತ್ತಿರುವವರು ಅದೇ 20 ದಿನಗಳಲ್ಲಿ ತಪ್ಪನ್ನೂ ಶಿಕ್ಷೆಯನ್ನೂ ಒಪ್ಪಿಕೊಂಡರೆ ಒಂದು ವರ್ಷ ಕಡಿತ ಸಿಗಬಹುದು. ಆದರೆ ಅವಸರದಲ್ಲಿ ಸಹಿ ಹಾಕಬೇಡಿ. ಆ ಒಂದು ವರ್ಷ ತೆಗೆದುಕೊಂಡರೆ ಬೇರೆ ಯಾವ ಕಡಿತವೂ ಇಲ್ಲ. ಡಬ್ಬಿಯಲ್ಲೇ ಕಲಬೆರಕೆ ಇತ್ತು ಎಂದು ತೋರಿಸಬಲ್ಲವನಿಗೆ ಇದು ನಷ್ಟದ ವ್ಯಾಪಾರ. ಎರಡು ವರ್ಷದ ಪ್ರಕರಣಗಳಿಗೆ ಈ ಕಡಿತ ಅನ್ವಯಿಸುವುದೂ ಇಲ್ಲ. ಪತ್ರದಲ್ಲಿ ಎಷ್ಟು ವರ್ಷ ಎಂದು ಬರೆದಿದೆ, ಅದನ್ನು ಮೊದಲು ಓದಿಸಿಕೊಳ್ಳಿ.

"ದೆಹಲಿಯಲ್ಲಿ ನಮ್ಮವರಿದ್ದಾರೆ, ಸ್ವಲ್ಪ ಖರ್ಚಾಗುತ್ತೆ" ಎನ್ನುವವರು ಬರುವುದೂ ಈ ದಿನಗಳಲ್ಲೇ. ಸಾಲ ಮಾಡಿ ಕೊಟ್ಟ ತಂದೆತಾಯಿಯರನ್ನು ಕಂಡಿದ್ದೇನೆ. ಹಣ ಹೋಯಿತು, ಗಡುವೂ ಹೋಯಿತು. ಫಲಿತಾಂಶವನ್ನು ತಿದ್ದಲು ಯತ್ನಿಸುವುದೇ ಬೇರೊಂದು ಉಲ್ಲಂಘನೆ. ಪರೀಕ್ಷೆಗೆ ಮುಂಚೆ ಡಬ್ಬಿ ಕೊಟ್ಟು ಬೆನ್ನು ತಟ್ಟಿದ ಟ್ರೇನರ್ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ರಾಜ್ಯ ಸಂಘದ ಪದಾಧಿಕಾರಿಗಳೂ "ಇದು ನಾಡಾ ವಿಷಯ" ಎಂದು ಕೈಬಿಡುತ್ತಾರೆ. ಪದಕ ಬಂದಾಗ ಫೋಟೋಗೆ ನಿಲ್ಲುವವರು ಪತ್ರ ಓದಿ ಹೇಳಲು ಅರ್ಧ ಗಂಟೆ ಕೊಡಬಾರದೇ?

ಡಬ್ಬಿಯನ್ನು ಹೆದರಿ ಎಸೆಯಬೇಡಿ. ವಸ್ತು ಮೈಗೆ ಹೇಗೆ ಬಂತು ಎಂದು ತೋರಿಸುವ ಭಾರ ಆಟಗಾರನ ಮೇಲಿದೆ. ಅಪ್ರಾಪ್ತ ವಯಸ್ಸಿನ ಕೆಲವರಿಗೆ ಇದರಿಂದ ವಿನಾಯಿತಿ ಇದೆ. ಉಳಿದ ಪುಡಿ, ಬಿಲ್ಲು, ಸಾಧ್ಯವಾದರೆ ಅದೇ ಬ್ಯಾಚಿನ ಒಡೆಯದ ಡಬ್ಬಿ ಜೋಪಾನ ಮಾಡಿ. 2010ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರಾದ ಚಿಲಿಬಾಯ್ ರಾಲೆಪೆಲೆ ಮತ್ತು ಬ್ಯೋರ್ನ್ ಬಾಸನ್ ಸಿಕ್ಕಿಬಿದ್ದಾಗ, ವಸ್ತು ತಂಡವೇ ಕೊಟ್ಟ ಪೂರಕ ಆಹಾರದಿಂದ ಬಂದದ್ದು ಎಂದು ಗೊತ್ತಾಗಿ ಇಬ್ಬರೂ ಪಾರಾದರು. ಆದರೆ ವಿಶ್ವ ರಗ್ಬಿ ಸಂಸ್ಥೆಯ 2018ರ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದಿದ್ದ ಅದೇ ದೇಶದ ಅಫಿವೆ ದ್ಯಾಂತಿ ಮಾರನೇ ವರ್ಷ ಸಿಕ್ಕಿಬಿದ್ದು, ಬೇಕೆಂದು ತೆಗೆದುಕೊಂಡಿಲ್ಲ ಎಂದರೂ ನಾಲ್ಕು ವರ್ಷ ಹೊರಗುಳಿಯಬೇಕಾಯಿತು.

ಪುಡಿ ಮುಟ್ಟದವರೂ ಎಚ್ಚರವಾಗಿರಬೇಕು. ಪಂದ್ಯ ಮುಗಿದು ಸುಸ್ತಾದಾಗ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. 12 ಗಂಟೆಯಲ್ಲಿ 100 ಮಿಲಿ ಲೀಟರ್ ಮೀರಿದ ಡ್ರಿಪ್ ನಿಷಿದ್ಧ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗಪತ್ತೆಯ ಪರೀಕ್ಷೆಗೆ ಮಾತ್ರ ವಿನಾಯಿತಿ. ಮಂಡಿಗೋ ಭುಜಕ್ಕೋ ಹಾಕಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಪಂದ್ಯದ ಅವಧಿಯಲ್ಲಿ 2022ರಿಂದ ನಿಷಿದ್ಧ, ಟ್ರಮಾಡಾಲ್ ನೋವಿನ ಮಾತ್ರೆ 2024ರಿಂದ. ಪಂದ್ಯದ ಅವಧಿ ಹಿಂದಿನ ರಾತ್ರಿ 11.59ಕ್ಕೇ ಶುರುವಾಗುತ್ತದೆ. ಡಾಕ್ಟರ ಚೀಟಿ ಸಾಲದು. ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬೇಕು. ತುರ್ತು ಚಿಕಿತ್ಸೆಯಾಗಿದ್ದರೆ ಆಮೇಲೂ ಹಾಕಬಹುದು, ಆಸ್ಪತ್ರೆಯ ದಾಖಲೆ ಪೂರ್ತಿ ಇರಬೇಕು.

ತಾತ್ಕಾಲಿಕ ಅಮಾನತು ಬಂದಿದ್ದರೆ ಅದನ್ನು ಪಾಲಿಸಿ. ಆ ದಿನಗಳು ಮುಂದೆ ಶಿಕ್ಷೆಯಲ್ಲಿ ಜಮೆಯಾಗುತ್ತವೆ. ಒಂದು ಪಂದ್ಯ ಆಡಿದರೂ ಆ ಜಮೆ ಸಿಗದು. ನಿಷೇಧ ರಗ್ಬಿಗಷ್ಟೇ ಎಂದುಕೊಂಡು ಜಿಲ್ಲಾ ಸಂಘದ ಕಬಡ್ಡಿಗೆ ಇಳಿದರೆ ಮೂಲ ಶಿಕ್ಷೆಯಷ್ಟೇ ಉದ್ದದ ಹೊಸ ನಿಷೇಧ ಸೇರಬಹುದು. ಮಕ್ಕಳಿಗೆ ಕೋಚಿಂಗ್ ಕೊಡುವುದೂ ನಿಷೇಧದಲ್ಲಿ ಬರುತ್ತದೆ. ತಂಡದ ಜತೆ ಅಭ್ಯಾಸಕ್ಕೆ ಮರಳಲು ಶಿಕ್ಷೆಯ ಕೊನೆಯ ಎರಡು ತಿಂಗಳು ಅಥವಾ ಕೊನೆಯ ಕಾಲುಭಾಗ, ಯಾವುದು ಚಿಕ್ಕದೋ ಅಷ್ಟು ಅವಕಾಶವಿದೆ. ಆ ತಾರೀಕನ್ನು ಕ್ಲಬ್ಬಿನವರ ಬಾಯಿಮಾತಿನಲ್ಲಿ ಅಲ್ಲ, ನಾಡಾದಿಂದ ಬರಹದಲ್ಲಿ ತರಿಸಿಕೊಳ್ಳಿ.