ಗಂಗೆ ಬಿಂದಿಗೆಯಲ್ಲಿ, ಮಳೆ ಚರಂಡಿಯಲ್ಲಿ

ಕಾಶಿಗೆ ಹೋಗಿ ಜಂಗಮವಾಡಿ ಮಠದಲ್ಲಿ ತಂಗಿ ಬರುವ ನಮ್ಮವರು ಗಂಗಾಜಲವನ್ನು ತಂಬಿಗೆಯಲ್ಲಿ ಬೆಸುಗೆ ಹಾಕಿಸಿ ಊರಿಗೆ ತರುತ್ತಾರೆ. ಒಂದು ಹನಿಯೂ ಚೆಲ್ಲುವುದಿಲ್ಲ. ಮುಂಡರಗಿಯಲ್ಲೋ ಪಾವಗಡದಲ್ಲೋ ಅವರದೇ ಮನೆಯ ಮಾಳಿಗೆಯ ಮಳೆನೀರು ಮಾತ್ರ ಸೀದಾ ಬೀದಿಗೆ!

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 30×40 ಅಡಿಯ ಚಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಎಂದರೆ ಸುಮಾರು 67,000 ಲೀಟರ್. ಆವಿ, ಸೋರಿಕೆ ಕಳೆದರೂ 50,000ಕ್ಕೆ ಮೋಸವಿಲ್ಲ. ಕೊಳವೆಬಾವಿಯಲ್ಲಿ ಫ್ಲೋರೈಡ್ ಇರುವ ಊರುಗಳಿಗೆ ಇದಕ್ಕಿಂತ ಒಳ್ಳೆಯ ನೀರು ಎಲ್ಲಿದೆ?

ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ನಲ್ಲಿ ಸಂಪರ್ಕವನ್ನೇ ಪಡೆಯದೆ 1995ರಿಂದ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. ಹಾಗಾಗಿ 'ನಮ್ಮಲ್ಲಿ ಆಗದು' ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮುಂಗಾರಿಗೆ ಮುನ್ನ ಮಾಳಿಗೆ ಗುಡಿಸಿ. ಮೊದಲ 2 ಮಿ.ಮೀ. ಮಳೆ, ಅಂದರೆ ಇನ್ನೂರು ಲೀಟರಿನಷ್ಟು ನೀರು, ಧೂಳು ಮತ್ತು ಹಕ್ಕಿ ಹಿಕ್ಕೆ ತೊಳೆದುಕೊಂಡು ಹೊರಗೆ ಹರಿಯಲಿ. ಅದಕ್ಕೊಂದು ಬೇರೆ ಕೊಳವೆ, ತಿರುಗಿಸುವ ಮುಚ್ಚಳ ಸಾಕು. ನಂತರದ್ದು ಜಲ್ಲಿ, ಮರಳು ದಾಟಿ ತೊಟ್ಟಿಗೆ ಬರಲಿ. ತೊಟ್ಟಿಗೆ ಬೆಳಕು ತಾಗಿದರೆ ಪಾಚಿ, ಸಂದಿಯಿದ್ದರೆ ಸೊಳ್ಳೆ. ಹೆಚ್ಚಿನವರು ಫಿಲ್ಟರಿಗೆ ಹಣ ಸುರಿದು ತೊಟ್ಟಿಯ ಮುಚ್ಚಳದಲ್ಲೇ ಜಿಪುಣತನ ತೋರುತ್ತಾರೆ! ಕುಡಿಯಲು ಬಳಸುವುದಾದರೆ ಕುದಿಸಿ. ತುಂಬಿ ಉಕ್ಕಿದ್ದನ್ನು ಹಳೆಯ ಬಾವಿಗೆ ತಿರುಗಿಸಿ, ಆದರೆ ಶೌಚಗುಂಡಿಯಿಂದ ದೂರವಿರುವ ಬಾವಿಗೆ ಮಾತ್ರ.