ಬಿಡಲೊಲ್ಲದ ಬಾಲ್ ಜಾಯಿಂಟ್: ಮನೆಯಂಗಳದಲ್ಲಿ ಬೇರ್ಪಡಿಸುವ ಕ್ರಮ

ಗ್ರಾಮೀಣ ರಸ್ತೆಗಳಲ್ಲಿ ಓಡಾಡುವ ಕಾರು, ಜೀಪುಗಳ ಮುಂಗಾಲಿಯ ಬಳಿ ಉಬ್ಬು ಹತ್ತಿಳಿಯುವಾಗ ಟಕ್ ಟಕ್ ಎಂಬ ಸದ್ದು ಕೇಳಿಬಂದರೆ ಮೊದಲು ಅನುಮಾನಿಸಬೇಕಾದ ಭಾಗಗಳಲ್ಲಿ ಬಾಲ್ ಜಾಯಿಂಟ್ ಒಂದು. ಕೆಳತೋಳು, ಅಂದರೆ ಲೋವರ್ ಆರ್ಮ್, ಮತ್ತು ಗಾಲಿಯನ್ನು ಹೊತ್ತಿರುವ ನಕಲ್ ಇವೆರಡನ್ನು ಈ ಕೀಲು ಕೂಡಿಸುತ್ತದೆ. ಉಕ್ಕಿನ ಗುಂಡೊಂದು ಗ್ರೀಸು ತುಂಬಿದ ಬಟ್ಟಲಿನಲ್ಲಿ ತಿರುಗುತ್ತಿರುತ್ತದೆ. ಅದರ ಮೇಲಿನ ರಬ್ಬರ್ ಹೊದಿಕೆ ಹರಿದರೆ ಧೂಳು, ಕೆಸರು ಒಳಸೇರಿ ಗುಂಡು ಸವೆಯುತ್ತದೆ. ಸವೆತ ಮಿತಿಮೀರಿದ ದಿನ ಗುಂಡು ಬಟ್ಟಲಿನಿಂದ ಕಳಚಿಕೊಳ್ಳುತ್ತದೆ, ಗಾಲಿಯು ವಾಹನದ ಅಡಿಗೆ ಮಡಚಿಕೊಳ್ಳುತ್ತದೆ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಆದಕಾರಣ ಈ ಸದ್ದನ್ನು ಮುಂದಿನ ಸರ್ವೀಸಿನವರೆಗೆ ಮುಂದೂಡುವುದು ತರವಲ್ಲ.

ಹೊಸ ಜಾಯಿಂಟ್ ಕೊಂಡು ತರುವುದು ಸುಲಭ. ಹಳೆಯದು ನಕಲ್‌ನಿಂದ ಬಿಟ್ಟುಬರುವುದೇ ಕಷ್ಟ. ನಟ್ಟು ಬಿಚ್ಚಿ, ಜಗ್ಗಿ, ಸನ್ನೆಕೋಲು ಹಾಕಿ ಎತ್ತಿ, ಕೊನೆಗೆ ಸಿಟ್ಟಿನಿಂದ ಬೋಲ್ಟಿನ ತಲೆಗೇ ಸುತ್ತಿಗೆ ಬೀಸಿ ಮರೆಯನ್ನು ಹಾಳುಮಾಡಿಕೊಂಡವರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಇದು ಬಲದ ಕೊರತೆಯಿಂದ ಆಗುವುದಲ್ಲ. ಕೂಡಿಕೆಯ ಸ್ವಭಾವ ತಿಳಿಯದಿರುವುದರಿಂದ ಆಗುವುದು.

ಒಂದರೊಳಗೊಂದು ಸಿಕ್ಕಿಕೊಂಡ ಎರಡು ಸ್ಟೀಲ್ ಲೋಟಗಳನ್ನು ನೆನಪಿಗೆ ತಂದುಕೊಳ್ಳಬಹುದು. ಎಷ್ಟು ಎಳೆದರೂ ಅವು ಬಿಡುವುದಿಲ್ಲ. ಅಡುಗೆಮನೆಯಲ್ಲಿ ಅನುಭವವುಳ್ಳವರು ಎಳೆಯುವುದನ್ನು ಬಿಟ್ಟು ಹೊರಲೋಟದ ಪಕ್ಕಕ್ಕೆ ಸುತ್ತಲೂ ತಟ್ಟುತ್ತಾರೆ. ಒಳಲೋಟ ತಾನಾಗಿ ಸಡಿಲಗೊಳ್ಳುತ್ತದೆ. ಬಾಲ್ ಜಾಯಿಂಟಿನ ಕಂಬವೂ ಲೋಟದಂತೆಯೇ ಒಂದು ತುದಿಗೆ ಕ್ರಮೇಣ ಸಪೂರಾಗುತ್ತದೆ. ಇದನ್ನು ಟೇಪರ್ ಎನ್ನುತ್ತಾರೆ. ನಕಲ್‌ನ ಕಣ್ಣಿನಲ್ಲಿಯೂ ಅದೇ ಇಳಿಜಾರಿನ ರಂಧ್ರವಿದೆ. ನಟ್ಟು ಬಿಗಿದಾಗ ಕಂಬವು ಬೆಣೆಯಂತೆ ಒಳಗೆ ಹೋಗಿ ಕೂರುತ್ತದೆ.

ಇದರ ಲೆಕ್ಕ ಸರಳವಾದುದು. ಉದ್ದ 8 ಮಿಲಿಮೀಟರ್ ಸಾಗಿದಾಗ ವ್ಯಾಸವು 1 ಮಿಲಿಮೀಟರ್ ಕುಗ್ಗುವ ಟೇಪರ್‌ನಲ್ಲಿ ಪ್ರತಿ ಪಕ್ಕದ ಇಳಿಜಾರು ಸುಮಾರು 3.6 ಡಿಗ್ರಿ ಮಾತ್ರ. ಉಕ್ಕಿನ ಮೇಲೆ ಉಕ್ಕು ಜಾರಬೇಕಾದರೆ, ಘರ್ಷಣಾಂಕವನ್ನು 0.15 ಎಂದು ಹಿಡಿದರೂ, ಇಳಿಜಾರು 8.5 ಡಿಗ್ರಿಯಷ್ಟಾದರೂ ಇರಬೇಕು. ಹೀಗಾಗಿ ನಟ್ಟನ್ನು ಪೂರ್ಣ ತೆಗೆದರೂ ಕೂಡಿಕೆ ತನ್ನಷ್ಟಕ್ಕೆ ಬಿಡುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಇದರ ಮೇಲೆ ವರ್ಷಗಳ ತುಕ್ಕು ಸೇರಿದರೆ ಎಳೆತಕ್ಕೆ ಜಗ್ಗುವ ಮಾತೇ ಇಲ್ಲ. ಕಣ್ಣಿನ ಪಕ್ಕಕ್ಕೆ ಬಿದ್ದ ಪೆಟ್ಟು ಮಾತ್ರ ರಂಧ್ರವನ್ನು ಕ್ಷಣಮಾತ್ರ ಅಂಡಾಕಾರಕ್ಕೆ ತಿರುಗಿಸಿ ಹಿಡಿತವನ್ನು ತಪ್ಪಿಸುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ದೋಷವು ನಿಜವಾಗಿ ಅಲ್ಲಿಯೇ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಗಾಲಿಯನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಒಳಹೊರಗೆ ಅಲುಗಾಡಿಸಬೇಕು. ಸಡಿಲ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಬೇಕು. ಸಡಿಲ ಮಾಯವಾದರೆ ದೋಷವಿರುವುದು ಗಾಲಿಯ ಬೇರಿಂಗಿನಲ್ಲಿ. ಹಾಗೆಯೇ ಉಳಿದರೆ ಬಾಲ್ ಜಾಯಿಂಟಿನ ಕಡೆ ನೋಡಬೇಕು. ಸ್ಪ್ರಿಂಗ್ ಕೆಳತೋಳಿನ ಮೇಲೆಯೇ ಕುಳಿತಿರುವ ವಾಹನಗಳಲ್ಲಿ ಜಾಕಿಯನ್ನು ಕೆಳತೋಳಿನ ಅಡಿಗೆ ಕೊಟ್ಟು ಈ ಪರೀಕ್ಷೆ ಮಾಡಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡವು ಸಡಿಲವನ್ನು ಮುಚ್ಚಿಡುತ್ತದೆ.

ಎಲ್ಲ ಜಾಯಿಂಟ್‌ಗಳೂ ಟೇಪರ್ ಬಗೆಯವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮಾರುತಿ ಆಲ್ಟೊ, ವ್ಯಾಗನ್ ಆರ್ ಮುಂತಾದ ಸಣ್ಣ ಕಾರುಗಳ ಕೆಳಜಾಯಿಂಟಿನಲ್ಲಿ ನೇರವಾದ ಕಂಬವಿದ್ದು, ಸೀಳಿದ ಕಣ್ಣನ್ನು ಅಡ್ಡ ಬೋಲ್ಟೊಂದು ಬಿಗಿಹಿಡಿದಿರುತ್ತದೆ. ಆ ಬೋಲ್ಟು ಕಂಬದ ಗೀರಿನೊಳಗಿಂದ ಹಾದುಹೋಗುವುದರಿಂದ ಅದನ್ನು ಸಡಿಲಿಸಿದರೆ ಸಾಲದು, ಪೂರ್ಣ ಹೊರತೆಗೆಯಬೇಕು. ಬಳಿಕ ಸೀಳಿನಲ್ಲಿ ಚಪ್ಪಟೆ ಉಳಿಯನ್ನಿಟ್ಟು ಹಗುರವಾಗಿ ತಟ್ಟಿ ಕಣ್ಣನ್ನು ತುಸು ಅಗಲಿಸಿ, ತೋಳನ್ನು ಕೆಳಗೆ ಒತ್ತಿದರೆ ಕಂಬ ಜಾರಿಬರುತ್ತದೆ. ಮುಂದೆ ವಿವರಿಸಿದ ಸುತ್ತಿಗೆಯ ವಿಧಾನ ಇಲ್ಲಿ ಉಪಯೋಗಕ್ಕೆ ಬಾರದು. ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ನಡೆಸುವ ಸ್ವಚ್ಛವಾಹಿನಿಗಳಂಥ ಸಣ್ಣ ಸರಕು ವಾಹನಗಳಲ್ಲಿ ಮುಂಭಾಗಕ್ಕೆ ಪಟ್ಟಿ ಸ್ಪ್ರಿಂಗ್ ಮತ್ತು ಇಡಿಯಾದ ಅಚ್ಚು ಇದ್ದರೆ ಕೆಳತೋಳಿನ ಜಾಯಿಂಟೇ ಇರುವುದಿಲ್ಲ. ಆದರೆ ಸ್ಟಿಯರಿಂಗಿನ ಟೈ ರಾಡ್ ತುದಿಯಲ್ಲಿ ಇದೇ ಟೇಪರ್ ಕೂಡಿಕೆಯಿದ್ದು, ಬಿಡಿಸುವ ಕ್ರಮವೂ ಒಂದೇ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿಯಿಲ್ಲ. ವಾಹನವು ಗಟ್ಟಿಯಾದ ಸಮನೆಲದ ಮೇಲೆ ನಿಂತಿರಬೇಕು. ಮಳೆಗೆ ನೆನೆದ ಅಂಗಳದಲ್ಲಿ ಜಾಕಿಯು ಹೂತುಹೋಗುತ್ತದೆ. ಹಿಂಗಾಲಿಗಳ ಎರಡೂ ಬದಿಗೆ ತಡೆಗಲ್ಲು ಕೊಡಬೇಕು. ಕಾರಿನೊಡನೆ ಬಂದ ಜಾಕಿಯು ಟೈರು ಬದಲಿಸುವುದಕ್ಕಷ್ಟೇ. ಸುತ್ತಿಗೆಯ ಪೆಟ್ಟು ಬೀಳುವಾಗ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ವಾಹನದ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಸ್ಟ್ಯಾಂಡ್ ಇಲ್ಲದ ಕಡೆ ಇಟ್ಟಿಗೆ ಅಥವಾ ಟೊಳ್ಳು ಸಿಮೆಂಟ್ ಬ್ಲಾಕ್ ಪೇರಿಸುವ ರೂಢಿ ಬಹಳವಾಗಿದೆ. ಇವು ಬಿರುಕು ಬಿಡುವ ಮುನ್ಸೂಚನೆಯನ್ನೇ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ. ಅಗಲವಾದ ಗಟ್ಟಿಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಜೋಡಿಸುವುದು ಇದಕ್ಕಿಂತ ಎಷ್ಟೋ ಮೇಲು. ಬಿಚ್ಚಿದ ಗಾಲಿಯನ್ನು ವಾಹನದ ಅಡಿಗೆ ಮಲಗಿಸಿಟ್ಟರೆ, ಎಲ್ಲವೂ ಕೈಕೊಟ್ಟಾಗ ಅದೊಂದು ಆಸರೆಯಾದೀತು. ಕಣ್ಣಿಗೆ ಕನ್ನಡಕ ಕಡ್ಡಾಯ.

ಸ್ಪ್ರಿಂಗ್ ಕೆಳತೋಳಿನ ಮೇಲಿರುವ ವಾಹನಗಳಲ್ಲಿ ಇನ್ನೂ ಒಂದು ಅಪಾಯವಿದೆ. ಅಲ್ಲಿ ಅದುಮಿಟ್ಟ ಸ್ಪ್ರಿಂಗನ್ನು ತಡೆದು ನಿಲ್ಲಿಸಿರುವುದೇ ಈ ಜಾಯಿಂಟ್. ಕೆಳತೋಳಿನ ಅಡಿಗೆ ಟ್ರಾಲಿ ಜಾಕಿಯನ್ನು ಕೊಡದೆ ಬಿಡಿಸಿದರೆ ತೋಳು ಸಿಡಿದು ಕೆಳಗೆ ಬೀಳುತ್ತದೆ, ಸ್ಪ್ರಿಂಗ್ ಹಾರುತ್ತದೆ. ಕೆಲಸ ಮುಗಿಯುವವರೆಗೆ ಆ ಜಾಕಿ ತೋಳಿಗೆ ತಾಗಿಕೊಂಡೇ ಇರಬೇಕು. ಟ್ರಾಲಿ ಜಾಕಿ ಇಲ್ಲದವರು ಇಂಥ ವಾಹನವನ್ನು ಮನೆಯಲ್ಲಿ ಬಿಚ್ಚಲೇಬಾರದು.

ಹಿಂದಿನ ರಾತ್ರಿಯೇ ಕೂಡಿಕೆಯ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಎರಡು ಮೂರು ಬಾರಿ ಹಾಕಿಡುವುದು ಒಳ್ಳೆಯದು. ಬೆಳಗ್ಗೆ ನಟ್ಟಿನ ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಸಡಿಲಿಸಬೇಕು. ಆದರೆ ಪೂರ್ಣ ತೆಗೆಯಬಾರದು. ಕೆಲವು ಮರೆಗಳಲ್ಲಿ ಉಳಿಸಬೇಕು. ಕೂಡಿಕೆ ಬಿಟ್ಟ ಗಳಿಗೆಯಲ್ಲಿ ಭಾಗಗಳು ಸಿಡಿಯದಂತೆ ತಡೆಯುವುದು ಆ ನಟ್ಟೇ. ಒಮ್ಮೊಮ್ಮೆ ನಟ್ಟಿನ ಜೊತೆ ಕಂಬವೂ ತಿರುಗುತ್ತದೆ. ಆಗ ಗಾಬರಿಪಡದೆ, ಕಂಬವು ರಂಧ್ರದೊಳಕ್ಕೆ ಒತ್ತಿ ಕೂರುವಂತೆ ಜಾಯಿಂಟಿಗೆ ಜಾಕಿಯ ಒತ್ತಡ ಕೊಟ್ಟರೆ ಟೇಪರ್ ಮತ್ತೆ ಹಿಡಿದುಕೊಂಡು ನಟ್ಟು ಬಿಚ್ಚಿಕೊಳ್ಳುತ್ತದೆ.

ಈಗ ತಿರುಪಿನ ಪುಲ್ಲರ್ ಅಳವಡಿಸಿ ಬಿಗಿಯಬೇಕು. ಬಿಗಿದು ಬಿಗಿದು ಅದರಿಂದಲೇ ಬಿಡಿಸುವ ಹಟ ಬೇಡ. ಅಗ್ಗದ ಪುಲ್ಲರ್‌ಗಳು ಹೀಗೆಯೇ ಮುರಿಯುತ್ತವೆ. ಸಾಕಷ್ಟು ಬಿಗಿಯಾದ ಮೇಲೆ ಕೈತಡೆದು, 1 ರಿಂದ 1.5 ಕಿಲೋಗ್ರಾಂ ತೂಕದ ಸುತ್ತಿಗೆಯಿಂದ ನಕಲ್‌ನ ಕಣ್ಣಿನ ಪಕ್ಕಕ್ಕೆ ಚುರುಕಾದ ಎರಡು ಮೂರು ಪೆಟ್ಟು ಕೊಡಬೇಕು. ಎದುರು ಪಕ್ಕಕ್ಕೆ ಇನ್ನೊಂದು ಭಾರವಾದ ಸುತ್ತಿಗೆಯನ್ನು ಆನಿಸಿ ಹಿಡಿದರೆ ಪೆಟ್ಟಿನ ಬಲ ಪೋಲಾಗುವುದಿಲ್ಲ. ಸುತ್ತಿಗೆಗೆ ಸುತ್ತಿಗೆ ತಾಗದಂತೆ ಎಚ್ಚರ ವಹಿಸಬೇಕು: ಗಡಸು ಉಕ್ಕಿನ ಚೂರು ಸಿಡಿದರೆ ಕಣ್ಣು ಹೋಗುತ್ತದೆ. ಬಿಟ್ಟಾಗ ದೊಡ್ಡ ಸದ್ದಾಗುವುದು ಸಹಜ. ಪುಲ್ಲರ್ ಸಿಗದಿದ್ದರೂ ಎರಡು ಸುತ್ತಿಗೆಗಳ ಈ ಕ್ರಮ ಅನೇಕ ವೇಳೆ ಫಲಿಸುತ್ತದೆ, ತಾಳ್ಮೆ ಮಾತ್ರ ಹೆಚ್ಚು ಬೇಕು. ನಕಲ್ ಅಲ್ಯೂಮಿನಿಯಂನದಾಗಿದ್ದರೆ ಸುತ್ತಿಗೆ ಮುಟ್ಟಿಸಬಾರದು, ಅದು ಸೀಳುತ್ತದೆ.

ಎರಡು ಕವಲಿನ ಫೋರ್ಕ್ ಎಂಬ ಸಾಧನವನ್ನು ಸಂದಿಗೆ ಬಡಿದು ಬಿಡಿಸುವುದೂ ಉಂಟು. ಅದು ಕೆಲಸ ಮಾಡುತ್ತದೆ, ಆದರೆ ರಬ್ಬರ್ ಹೊದಿಕೆಯನ್ನು ಬಹುತೇಕ ಹರಿಯುತ್ತದೆ. ಜಾಯಿಂಟನ್ನು ಹೇಗೂ ಬಿಸಾಡುವುದಿದ್ದರೆ ಅಡ್ಡಿಯಿಲ್ಲ. ಡ್ರೈವ್ ಶಾಫ್ಟಿನ ಕೆಲಸಕ್ಕಾಗಿ ಮಾತ್ರ ಬಿಡಿಸಿ ಮತ್ತೆ ಅದನ್ನೇ ಕೂಡಿಸುವುದಿದ್ದರೆ ಈ ಸಾಧನ ಬೇಡ. ವೆಲ್ಡಿಂಗ್ ಅಂಗಡಿಯವರು ಗ್ಯಾಸ್ ಬೆಂಕಿ ಹಾಯಿಸಿ ಒಂದೇ ನಿಮಿಷದಲ್ಲಿ ಬಿಡಿಸಿಕೊಡುವುದಾಗಿ ಹೇಳಿದರೂ ಒಪ್ಪಬಾರದು. ಮುಚ್ಚಿದ ಬಟ್ಟಲಿನ ಗ್ರೀಸು ಕುದಿದು ಸಿಡಿಯಬಹುದು, ಪಕ್ಕದ ಬ್ರೇಕ್ ಹೋಸ್ ಸುಡಬಹುದು, ನಕಲ್‌ನ ಉಕ್ಕಿನ ಗಡಸುತನವೇ ಕೆಡಬಹುದು. ಕೊನೆಯದು ಹೊರಗಣ್ಣಿಗೆ ಕಾಣುವುದಿಲ್ಲ.

ಬಿಟ್ಟ ಮೇಲೆ ನಕಲ್ಲನ್ನು ಬ್ರೇಕ್ ಹೋಸಿನಿಂದ ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಿಡಬೇಕು. ತೋಳಿಗೆ ಒತ್ತಿ ಕೂರಿಸಿದ ಜಾಯಿಂಟಾದರೆ ಅದನ್ನು ತೋಳಿನಿಂದ ತೆಗೆಯಲು ಪ್ರೆಸ್ ಬೇಕಾಗುತ್ತದೆ. ತೋಳನ್ನೇ ಬಿಚ್ಚಿ ಗ್ಯಾರೇಜಿಗೆ ಒಯ್ಯುವುದು ಸರಿ. ಕೂಡಿಸುವಾಗ ಟೇಪರ್ ಮತ್ತು ರಂಧ್ರ ಎರಡನ್ನೂ ಒಣಬಟ್ಟೆಯಿಂದ ಒರೆಸಬೇಕು. ಮುಂದಿನ ಸಲ ಸುಲಭವಾಗಲೆಂದು ಅಲ್ಲಿಗೆ ಗ್ರೀಸು ಸವರುವುದು ತಪ್ಪು. ಒಣ ಉಕ್ಕಿನ ಹಿಡಿತವೇ ಅಲ್ಲಿಯ ಬಲ. ನಟ್ಟನ್ನು ಆ ವಾಹನದ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಬೇಕು. ಪಿನ್ನಿನ ರಂಧ್ರ ನೇರಕ್ಕೆ ಬಾರದಿದ್ದರೆ ನಟ್ಟನ್ನು ತುಸು ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದಾಗಿರಲಿ, ಅದರ ಎರಡೂ ಕಾಲುಗಳನ್ನು ಮಡಚಿರಬೇಕು.

ಗಾಲಿ ಜೋಡಿಸಿ ವಾಹನವನ್ನು ನೆಲಕ್ಕಿಳಿಸಿದ ಬಳಿಕ ಗಾಲಿಯ ನಟ್ಟುಗಳನ್ನು ಅಡ್ಡಡ್ಡಲಾಗಿ ಬಿಗಿದು, ಊರೊಳಗೆ ನಿಧಾನವಾಗಿ ಒಂದು ಸುತ್ತು ಓಡಿಸಿ ಬಂದು, ನಟ್ಟು ಮತ್ತು ಪಿನ್ನನ್ನು ಇನ್ನೊಮ್ಮೆ ನೋಡಬೇಕು. ಟೈ ರಾಡ್ ತುದಿಯನ್ನು ಬದಲಿಸಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಹೆದ್ದಾರಿಗೆ ಒಯ್ಯಬಾರದು. ಪಂಚಾಯಿತಿಯ ವಾಹನವಾದರೆ, ವಾರಂಟಿ ಮುಗಿದಿದೆಯೇ ಎಂಬುದನ್ನು ನಟ್ಟಿಗೆ ಕೈಹಾಕುವ ಮೊದಲೇ ನೋಡಿಕೊಂಡಿರಬೇಕು. ಬದಲಿಸಿದ ಭಾಗ, ದಿನಾಂಕ ಹಾಗೂ ಅಂದಿನ ಕಿಲೋಮೀಟರ್ ಲಾಗ್ ಪುಸ್ತಕದಲ್ಲಿ ದಾಖಲಾಗಬೇಕು, ಹಳೆಯ ಜಾಯಿಂಟ್ ಕಚೇರಿಯಲ್ಲಿ ಉಳಿಯಬೇಕು.