ಕೈಗಡಿಯಾರ ಹೇಳುವ ನಾಡಿ

ಉಂಡೊಡನೆ, ಮಿಂದೊಡನೆ, ವ್ಯಾಯಾಮ ಮಾಡಿದೊಡನೆ ನಾಡಿಯನ್ನು ಪರೀಕ್ಷಿಸಬಾರದೆಂದು ನಮ್ಮ ವೈದ್ಯಗ್ರಂಥಗಳು ವಿಧಿಸುತ್ತವೆ. ಸಮಯ ತಪ್ಪಿದರೆ ನುರಿತ ಬೆರಳೂ ತಪ್ಪುತ್ತದೆ. ಇಂದು ಮೊಬೈಲಿಗೆ ಜೋಡಿಸಿದ ಕೈಗಡಿಯಾರವೇ ನಾಡಿಯನ್ನು ಎಣಿಸುತ್ತಿದೆ; ಆ ಎಣಿಕೆಯನ್ನು ಜನರು ಸಂಶೋಧನೆಗೂ ನೀಡುತ್ತಿದ್ದಾರೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಆಪಲ್ ಸಂಸ್ಥೆಯ ನೆರವಿನಿಂದ ನಡೆಸಿ, 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ನೀಡುತ್ತದೆ. ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಕಂಪಿಸುವ ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ದೋಷವನ್ನು ಗಡಿಯಾರವು ಗುರುತಿಸಬಲ್ಲದೇ ಎಂಬುದು ಅದರ ಪ್ರಶ್ನೆ. ಈ ದೋಷದಿಂದ ಪಾರ್ಶ್ವವಾಯು ಉಂಟಾಗುವ ಸಂಭವವಿದೆ. ಅಧ್ಯಯನದಲ್ಲಿ ಪಾಲ್ಗೊಂಡವರು 4,19,297 ಮಂದಿ. ಅವರಲ್ಲಿ 2,161 ಮಂದಿಗೆ ಗಡಿಯಾರವು ನಾಡಿಯ ಲಯ ತಪ್ಪಿದೆಯೆಂಬ ಎಚ್ಚರಿಕೆ ನೀಡಿತು. ಅಂಥವರು ಮೊದಲು ವೈದ್ಯರೊಡನೆ ಸಮಾಲೋಚಿಸಿ, ಬಳಿಕ ಎದೆಗೆ ಅಂಟಿಸುವ ಇಸಿಜಿ ಪಟ್ಟಿಯನ್ನು ಧರಿಸಿ ಹಿಂದಿರುಗಿಸಬೇಕಿತ್ತು. ಬಹುಮಂದಿ ಸಮಾಲೋಚನೆಗೇ ಬರಲಿಲ್ಲ. ಕೊನೆಗೆ ಪರಿಶೀಲನೆಗೆ ಒದಗಿದ ಪಟ್ಟಿಗಳು ಕೇವಲ 450.

ಆ 450ರಲ್ಲಿ ದೋಷ ಕಂಡದ್ದು ಶೇ. 34ರಷ್ಟು ಮಂದಿಯಲ್ಲಿ. ಹಾಗೆಂದು ಉಳಿದ ಎಚ್ಚರಿಕೆಗಳೆಲ್ಲ ಸುಳ್ಳೆಂದು ತೀರ್ಮಾನಿಸಲಾಗದು. ಈ ದೋಷವು ಬಂದು ಹೋಗುವ ಸ್ವಭಾವದ್ದು. ಪಟ್ಟಿ ಧರಿಸಿದ್ದು ಕೆಲ ದಿನಗಳ ಬಳಿಕ. ಪಟ್ಟಿ ಎದೆಯ ಮೇಲಿರುವಾಗಲೇ ಗಡಿಯಾರ ಮತ್ತೆ ಎಚ್ಚರಿಸಿದ ಸಂದರ್ಭಗಳಲ್ಲಿ ಶೇ. 84ರಷ್ಟು ಬಾರಿ ಇಸಿಜಿಯೂ ಅದೇ ದೋಷವನ್ನು ತೋರಿತು. ಎಂದರೆ ಯಂತ್ರವು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿತ್ತು. ಕೊರತೆ ಉಳಿದದ್ದು ಅರ್ಧದಲ್ಲಿಯೇ ಕೈಬಿಟ್ಟವರಿಂದ. ಅವರ ಹೃದಯದ ಸ್ಥಿತಿ ಏನಿತ್ತೆಂಬುದು ಆ ಅಧ್ಯಯನಕ್ಕೆ ತಿಳಿಯಲೇ ಇಲ್ಲ.

ಆದುದರಿಂದ ಇಂಥ ಸಂಶೋಧನೆಗೆ ಮಾಹಿತಿ ನೀಡುವ ಸದ್ಭಕ್ತರು ವಯಸ್ಸು, ಕಾಯಿಲೆ, ಸೇವಿಸುವ ಔಷಧ ಇವನ್ನು ಮುಚ್ಚಿಡದೆ ತಿಳಿಸಬೇಕು. ಗಡಿಯಾರವನ್ನು ಮಣಿಕಟ್ಟಿಗೆ ಸಡಿಲವಾಗದಂತೆ ಕಟ್ಟಬೇಕು. ನಮ್ಮ ಹೆಸರಿನ ಗಡಿಯಾರವನ್ನು ಮನೆಯವರ ಕೈಗೆ ಕಟ್ಟಬಾರದು. ಒಪ್ಪಿಕೊಂಡ ಪರೀಕ್ಷೆಯನ್ನು ಕೊನೆಯವರೆಗೆ ಪೂರೈಸಬೇಕು.

ಇನ್ನೊಂದು ಮಾತು. ಎಚ್ಚರಿಕೆ ಬಂದರೆ ಗಾಬರಿಯಾಗದೆ ವೈದ್ಯರಲ್ಲಿ ಇಸಿಜಿ ಮಾಡಿಸಿಕೊಳ್ಳಬೇಕು. ಎಚ್ಚರಿಕೆ ಬಾರದಿದ್ದ ಮಾತ್ರಕ್ಕೆ ಹೃದಯ ನಿರೋಗಿಯೆಂದೂ ತಿಳಿಯಬಾರದು. ಗಡಿಯಾರವು ಎಲ್ಲ ಹೊತ್ತಿನಲ್ಲಿಯೂ ಲಯವನ್ನು ಪರೀಕ್ಷಿಸುವುದಿಲ್ಲ. ಎದೆನೋವು, ಏದುಸಿರು, ತಲೆಸುತ್ತು ಕಂಡಾಗ ಗಡಿಯಾರ ಸುಮ್ಮನಿದ್ದರೂ ನಾವು ಸುಮ್ಮನಿರಲಾಗದು. ತಡಮಾಡದೆ ಆಸ್ಪತ್ರೆಗೆ ಹೋಗುವುದೇ ವಿವೇಕ.